ಕಿಟಕಿ ಮುಚ್ಚಿ ಬಾಡಿಗೆಗೆ ಕೊಟ್ಟ ರೂಮು

ಬೈಯಪ್ಪನಹಳ್ಳಿ ಮೆಟ್ರೋ ಸ್ಟೇಷನ್ನಿನ ಹಿಂದಿನ ಗಲ್ಲಿಗಳಲ್ಲಿ ಒಂದು ರೂಮು ಖಾಲಿ ಇದ್ದರೆ ಸಾಕು, ಜನ ಬಾಗಿಲು ಬಡಿಯುತ್ತಲೇ ಇರುತ್ತಾರೆ. "ರೂಮ್ ಇದೆಯಾ ಆಂಟಿ?" ಎಂದು ದಿನಕ್ಕೆ ಮೂರು ನಾಲ್ಕು ಮಂದಿಯಾದರೂ ಕೇಳುತ್ತಾರೆ.

ಆಂಜನಮ್ಮನವರ ಮನೆಗೆ ಅಂಟಿಕೊಂಡು ಅಂಥದೊಂದು ರೂಮಿತ್ತು. ಅವರ ಅತ್ತೆಯ ಕಾಲದಲ್ಲಿ ಅಲ್ಲಿ ಹಸು ಕಟ್ಟುತ್ತಿದ್ದರು. ಹಸುಗಳು ಹೋದ ಮೇಲೆ ಗೋಡೆ ಎಬ್ಬಿಸಿ, ಮೋಲ್ಡಿಂಗ್ ಹಾಕಿಸಿ, ಮೂಲೆಯಲ್ಲಿ ಪುಟ್ಟ ಬಾತ್‌ರೂಮು ಕಟ್ಟಿಸಿದ್ದರು. ಮಗಳು ಮದುವೆಯಾಗಿ ಹೊಸಕೋಟೆಗೆ ಹೋಗುವವರೆಗೆ ಅದು ಅವಳ ರೂಮಾಗಿತ್ತು. ಈಗ ಹಳೇ ಚಾಪೆ, ಮುರಿದ ಕುರ್ಚಿ ಬಿಟ್ಟರೆ ಒಳಗೆ ಏನೂ ಇರಲಿಲ್ಲ.

"ಸುಮ್ನೆ ಯಾಕೆ ಬಿಟ್ಟಿರೋದು? ಬಾಡಿಗೆಗೆ ಕೊಟ್ಬಿಡೋಣ" ಎಂದರು ಗಂಡ ಕೆಂಪರಾಜ್. ಅವರು ಟಿನ್ ಫ್ಯಾಕ್ಟರಿ ಸ್ಟ್ಯಾಂಡಿನಲ್ಲಿ ಆಟೋ ಓಡಿಸುತ್ತಿದ್ದರು. ಮಂಡಿ ನೋವು. ಬಾಡಿಗೆ ಬಂದರೆ ಮಧ್ಯಾಹ್ನಕ್ಕೇ ಗಾಡಿ ನಿಲ್ಲಿಸಬಹುದು ಎಂಬ ಆಸೆ ಅವರದು.

ಹೊಸದಾಗಿ ಸುಣ್ಣ ಬಳಿಸಿದರು, ಟೈಲ್ಸ್ ಹಾಕಿಸಿದರು. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಕೂರಿಸಿದರು. ಅಲ್ಲೊಂದು ಕಿಟಕಿಯಿತ್ತು. ಅದನ್ನು ಸಿಮೆಂಟ್ ಹಾಕಿ ಮುಚ್ಚಿ, ಮೇಲೆ ಟೈಲ್ಸ್ ಅಂಟಿಸಿಬಿಟ್ಟರು.

ಅದೇ ಗಲ್ಲಿಯ ಬಿಲ್ಕೀಸ್ ರೂಮು ಹೇಗಾಗಿದೆ ಎಂದು ನೋಡಲು ಬಂದಳು. ಆಂಜನಮ್ಮ ಇರುವ ಮಹಿಳಾ ಸಂಘದಲ್ಲೇ ಅವಳೂ ಇದ್ದಾಳೆ. ಅವಳ ಗಂಡ ಹಾಶಿಮ್‌ಗೆ ಶಿವಾಜಿನಗರದಲ್ಲಿ ಸ್ಟವ್, ಗೀಸರ್ ರಿಪೇರಿ ಅಂಗಡಿ.

"ಅಕ್ಕ, ಇಲ್ಲೊಂದು ಕಿಟಕಿ ಇತ್ತಲ್ಲ?"

"ಮುಚ್ಚಿಸ್ಬಿಟ್ವಿ ಕಣೆ. ಪಕ್ಕದ ಬಿಲ್ಡಿಂಗ್ ಮೆಟ್ಟಿಲು ಸರಿಯಾಗಿ ಅದರ ಮುಂದೇನೇ ಬಂದಿದೆ. ಗಂಡಸ್ರು ಹತ್ತಿ ಇಳೀತಿರ್ತಾರೆ. ಹೆಣ್ಣುಮಕ್ಳಿಗೆ ಕೊಡೋ ರೂಮು, ಅಲ್ವಾ?"

"ಹಾಗಾದ್ರೆ ಗೀಸರ್ ಹೊರಗೆ ಹಾಕ್ಸಿ. ಪೈಪ್ ಒಂದೇ ಒಳಗೆ ಬರ್ಲಿ. ಗ್ಯಾಸ್ ಉರಿಯೋಕೆ ಗಾಳಿ ಬೇಕು ಅಕ್ಕ. ಮುಚ್ಚಿರೋ ಜಾಗದಲ್ಲಿ ಉರಿದ್ರೆ ವಿಷದ ಗಾಳಿ ಬಿಡುತ್ತೆ. ಮನುಷ್ಯ ಅಲ್ಲೇ ಬಿದ್ದೋಗ್ತಾನೆ."

"ಗ್ಯಾಸ್ ಆದ್ರೆ ವಾಸ್ನೆ ಬರಲ್ವೇನೆ?"

"ಲೀಕ್ ಆದ್ರೆ ಬರುತ್ತೆ. ಇದು ಉರಿದು ಬರೋ ಗಾಳಿ. ವಾಸ್ನೆ ಇಲ್ಲ, ಹೊಗೆ ಕಾಣಲ್ಲ, ಕೆಮ್ಮೂ ಬರಲ್ಲ. ಏನಾಗ್ತಿದೆ ಅಂತ ಗೊತ್ತಾಗೋಷ್ಟರಲ್ಲಿ ಕೈಕಾಲೇ ಆಡಲ್ಲ."

ಬಾಗಿಲ ಬಳಿ ನಿಂತಿದ್ದ ಕೆಂಪರಾಜ್‌ಗೆ ರೇಗಿತು. "ಈ ಗಲ್ಲೀಲಿ ಎಷ್ಟು ಮನೇಲಿ ಹಿಂಗೇ ಇದೆ! ಯಾರಿಗೇನಾಗಿದೆ? ಹಾಶಿಮ್‌ಗೆ ಕೆಲ್ಸ ಬೇಕಿದ್ರೆ ನೆಟ್ಟಗೆ ಕೇಳಮ್ಮ, ಕೊಡ್ತೀನಿ."

ಬಿಲ್ಕೀಸಳ ಮುಖ ಕೆಂಪಾಯಿತು. "ಕೆಲ್ಸಕ್ಕೆ ಹೇಳ್ಲಿಲ್ಲ ಅಣ್ಣ. ಹೊರಗೆ ಹಾಕ್ಸಕ್ಕೆ ಆಗಲ್ಲ ಅಂದ್ರೆ ರೂಮ್ ಕೊಡ್ಬೇಡಿ, ಅಷ್ಟೇ" ಎಂದು ಹೊರಟುಹೋದಳು.

ಆಂಜನಮ್ಮನಿಗೆ ಒಳಗೊಳಗೇ ಅಳುಕಾಯಿತು. "ಒಂದ್ಸಲ ಬೇರೆ ಯಾರ್ನಾದ್ರೂ ಕೇಳೋಣ್ವಾ?" ಎಂದರು.

"ಈಗ ಗೋಡೆ ಕೊರೆದ್ರೆ ಟೈಲ್ಸೆಲ್ಲ ಒಡೆದೋಗುತ್ತೆ. ನಾಳೆ ಯಾರೋ ನೋಡೋಕೆ ಬರ್ತಿದಾರೆ" ಎಂದರು ಕೆಂಪರಾಜ್. ಆಂಜನಮ್ಮ ಮತ್ತೆ ಆ ಮಾತು ಎತ್ತಲಿಲ್ಲ.

ಮರುದಿನ ಬಂದವಳು ಶ್ವೇತ. ಚಿಂತಾಮಣಿ ಕಡೆಯ ಹುಡುಗಿ, ಇಪ್ಪತ್ಮೂರು ವರ್ಷ. ಇಂದಿರಾನಗರದ ನೂರಡಿ ರಸ್ತೆಯ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಜೊತೆಯಲ್ಲಿ ತಾಯಿ ಮಾರಕ್ಕನೂ ಬಂದಿದ್ದರು. ಮಾರಕ್ಕ ಬಾಗಿಲ ಚಿಲಕ ಎಳೆದು ನೋಡಿದರು, ನಲ್ಲಿ ತಿರುಗಿಸಿ ನೋಡಿದರು. ಬಾತ್‌ರೂಮಿಗೆ ಹೋಗಿ ನಾಲ್ಕೂ ಗೋಡೆ ನೋಡಿ ನೆಮ್ಮದಿಯ ಉಸಿರು ಬಿಟ್ಟರು.

"ಕಿಟಕಿ ಇಲ್ಲ, ಒಳ್ಳೇದಾಯ್ತು ಬಿಡಮ್ಮ. ಯಾರೂ ಇಣುಕಿ ನೋಡೋ ಹಂಗಿಲ್ಲ. ನನ್ನ ಮಗಳನ್ನ ನಿಮ್ಮ ಮನೆ ಮಗಳು ಅಂದ್ಕೊಳ್ಳಿ."

"ಅಯ್ಯೋ, ಅದನ್ನ ಹೇಳ್ಬೇಕಾ ಮಾರಕ್ಕ?" ಎಂದರು ಆಂಜನಮ್ಮ. ಮನಸ್ಸಿನಿಂದಲೇ ಹೇಳಿದರು. ಹಾಗೆಯೇ ನೋಡಿಕೊಂಡರು ಕೂಡ. ಸಾರು ಮಾಡಿದ ದಿನ ಒಂದು ಬಟ್ಟಲು ಶ್ವೇತಳಿಗೆ ಹೋಗುತ್ತಿತ್ತು. ಅವಳು ಕೆಲಸದಿಂದ ಬರುವುದು ಸ್ವಲ್ಪ ತಡವಾದರೂ ಆಂಜನಮ್ಮ ಗೇಟಿನ ಬಳಿ ನಿಂತು ಕಾಯುತ್ತಿದ್ದರು.

ಚಳಿ ಶುರುವಾಯಿತು. ಒಂದು ದಿನ ಶ್ವೇತ ತಲೆ ಹಿಡಿದುಕೊಂಡು ಬಂದಳು. "ಸ್ನಾನ ಮಾಡಿ ಬಂದ್ರೆ ತಲೆ ಗಿರ್ ಅನ್ನುತ್ತೆ ಆಂಟಿ. ವಾಂತಿ ಬರೋ ಹಂಗಾಗುತ್ತೆ."

"ಖಾಲಿ ಹೊಟ್ಟೇಲಿ ಅಷ್ಟೊಂದು ಬಿಸಿನೀರು ಹಾಕ್ಕೊಂಡ್ರೆ ಇನ್ನೇನಾಗುತ್ತೆ? ಬಾ, ಎರಡು ಇಡ್ಲಿ ತಿನ್ನು" ಎಂದರು ಆಂಜನಮ್ಮ. ಇಡ್ಲಿ ತಿಂದು, ಅಂಗಳದ ಗಾಳಿಯಲ್ಲಿ ಕೂತ ಮೇಲೆ ತಲೆ ಸುತ್ತು ನಿಂತಿತು. ಇಡ್ಲಿಯಿಂದಲೇ ನಿಂತಿತು ಎಂದುಕೊಂಡರು ಇಬ್ಬರೂ.

ಜನವರಿಯ ಒಂದು ಬೆಳಿಗ್ಗೆ, ಎಂಟೂವರೆ ಹೊತ್ತಿಗೆ, ಆಂಜನಮ್ಮ ಅಂಗಳದಲ್ಲಿ ಪಾತ್ರೆ ಉಜ್ಜುತ್ತಿದ್ದರು. ಶ್ವೇತಳ ಬಾತ್‌ರೂಮಿನಲ್ಲಿ ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು. ಐದು ನಿಮಿಷ, ಹತ್ತು ನಿಮಿಷ. ಟ್ಯಾಂಕರ್ ನೀರು. ಅವರಿಗೆ ಸಿಟ್ಟು ಬಂತು.

"ಶ್ವೇತಾ! ಟ್ಯಾಂಕ್ ಖಾಲಿ ಮಾಡ್ತೀಯೇನಮ್ಮ? ನಲ್ಲಿ ನಿಲ್ಸು!" ಎಂದು ಕೂಗಿದರು. ಉತ್ತರ ಬರಲಿಲ್ಲ. ಗೊಣಗಿಕೊಂಡು ಉಳಿದ ಪಾತ್ರೆಗಳನ್ನೂ ತೊಳೆದರು. ನೀರು ಹರಿಯುವಷ್ಟು ಹೊತ್ತೂ ಗೀಸರ್ ಉರಿಯುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಕೊನೆಗೆ ಬಾಗಿಲು ಬಡಿದರು. ಮತ್ತೆ ಬಡಿದರು. ಗಂಡನನ್ನು ಕರೆದರು. ಕೆಂಪರಾಜ್ ಮೊದಲು ರೂಮಿನ ಬಾಗಿಲನ್ನು, ಆಮೇಲೆ ಬಾತ್‌ರೂಮಿನ ಬಾಗಿಲನ್ನು ಒದ್ದು ತೆಗೆದರು. ಶ್ವೇತ ನೆಲದ ಮೇಲೆ ಬಿದ್ದಿದ್ದಳು. ಒಂದು ಕೈ ಬಾಗಿಲ ಕಡೆ ಚಾಚಿತ್ತು. ನಲ್ಲಿಯಿಂದ ಬಿಸಿನೀರು ಸುರಿಯುತ್ತಲೇ ಇತ್ತು.

ಆಂಜನಮ್ಮ ತಮ್ಮ ಸೀರೆಯನ್ನೇ ಬಿಚ್ಚಿ ಅವಳಿಗೆ ಸುತ್ತಿದರು. ಕೆಂಪರಾಜ್ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ನೋಡಿ, "ಗ್ಯಾಸ್ ಗೀಸರಾ? ಕಿಟಕಿ ಇತ್ತಾ?" ಎಂದು ಕೇಳಿದರು. "ಇತ್ತು, ನಾವೇ ಮುಚ್ಚಿಸಿದ್ವಿ" ಎಂದರು ಕೆಂಪರಾಜ್. ಶ್ವೇತಳ ಉಸಿರು ಆಗಲೇ ನಿಂತಿತ್ತು.

ಪೊಲೀಸರು ಬಂದರು. ಕೇಸ್ ಆಯಿತು. ಅದು ಇನ್ನೂ ನಡೆಯುತ್ತಿದೆ.

ಹದಿನೈದು ದಿನ ಕಳೆದ ಮೇಲೆ ಮಾರಕ್ಕ ಮಗಳ ಸಾಮಾನು ತೆಗೆದುಕೊಂಡು ಹೋಗಲು ಬಂದರು. ಬೈಯುತ್ತಾರೆ, ಶಾಪ ಹಾಕುತ್ತಾರೆ ಎಂದು ಆಂಜನಮ್ಮ ಕಾದರು. ಮಾರಕ್ಕ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದರು. ಆಮೇಲೆ ಬಾತ್‌ರೂಮಿನ ಮುಂದೆ ನಿಂತರು.

"ಇಲ್ಲೊಂದು ಕಿಟಕಿ ಇತ್ತು ಅಂದ್ರು ಪೊಲೀಸ್ನೋರು. ಎಲ್ಲಿತ್ತಮ್ಮ?"

ಆಂಜನಮ್ಮ ಕೈ ತೋರಿಸಿದರು. ಮಾರಕ್ಕ ಆ ಟೈಲ್ಸಿನ ಮೇಲೆ ಅಂಗೈ ಇಟ್ಟರು.

"ಒಳ್ಳೇದಾಯ್ತು ಬಿಡು ಅಂದೆನಲ್ಲ ನಾನು. ನನ್ನ ಬಾಯಿಂದ್ಲೇ ಅಂದೆ. ನನಗೆ ಗೊತ್ತಿರ್ಲಿಲ್ಲ." ಆಂಜನಮ್ಮನ ಕಡೆ ತಿರುಗಿ ಕೇಳಿದರು, "ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎಂದು ಹೇಳಲು ಆಂಜನಮ್ಮನಿಗೆ ಬಾಯಿ ಬರಲಿಲ್ಲ. "ಒಬ್ಬಳು ಹೇಳಿದ್ಲು" ಎಂದರು. ಮಾರಕ್ಕ ಚೀಲ ಎತ್ತಿಕೊಂಡು ಹೊರಟರು. ತಿರುಗಿ ನೋಡಲಿಲ್ಲ.

ಅಂದು ಸಂಜೆ ಬಿಲ್ಕೀಸ್ ಬಂದು ಪಕ್ಕದಲ್ಲಿ ಕೂತಳು. "ಬೈಯಿ ನನ್ನ" ಎಂದರು ಆಂಜನಮ್ಮ.

"ಏನಂತ ಬೈಲಿ ಅಕ್ಕ? ಅವತ್ತು ನಾನೂ ಕೋಪ ಮಾಡ್ಕೊಂಡು ಹೋದೆ. ಆ ಹುಡುಗಿ ದಿನಾ ನಮ್ಮನೆ ಮುಂದೇನೇ ಸ್ಟೇಷನ್‌ಗೆ ಹೋಗ್ತಿದ್ಲು, ನಕ್ಕು ಮಾತಾಡಿಸ್ತಿದ್ಲು. ಅವಳಿಗಾದ್ರೂ ಒಂದು ಮಾತು ಹೇಳ್ಬಹುದಿತ್ತು. ನನಗ್ಯಾಕೆ ಅಂತ ಸುಮ್ನಿದ್ದೆ."

ಮರುವಾರ ಕೆಂಪರಾಜ್ ತಾವೇ ಸುತ್ತಿಗೆ ಹಿಡಿದು ಆ ಗೋಡೆ ಒಡೆದರು. ಹಾಶಿಮ್ ಬಂದು ಗೀಸರ್ ಬಿಚ್ಚಿದ. ರೂಮು ಕೇಳಿಕೊಂಡು ಬಂದವರಿಗೆ ಆಂಜನಮ್ಮ ಇಲ್ಲ ಎನ್ನುತ್ತಾರೆ.

ಆಮೇಲೆ ಆಂಜನಮ್ಮ, ಬಿಲ್ಕೀಸ್ ಇಬ್ಬರೂ ಗಲ್ಲಿಯ ಮನೆ ಮನೆಗೆ ಹೋದರು. ಹನ್ನೊಂದು ಮನೆಯ ಬಾತ್‌ರೂಮುಗಳಲ್ಲಿ ಗ್ಯಾಸ್ ಗೀಸರ್ ಒಳಗೇ ಇತ್ತು. ಏಳು ಮನೆಯವರು ಹೊರಗೆ ಹಾಕಿಸಿದರು. ಉಳಿದವರು ನೋಡೋಣ ಎಂದರು. ಅವರಲ್ಲೊಬ್ಬರು, "ನಿಮ್ಮನೆ ಹಣೆಬರಹಕ್ಕೆ ನಮ್ಮನೆ ಗೋಡೆ ಕೊರೀಬೇಕಾ?" ಎಂದು ಬಾಗಿಲು ಹಾಕಿಕೊಂಡರು. ಆ ಮನೆಯ ಮಹಡಿಯಲ್ಲಿ ಈಗಲೂ ಮೂವರು ಹುಡುಗಿಯರು ಬಾಡಿಗೆಗಿದ್ದಾರೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ರೂಮು ಖಾಲಿ ಇರಬಹುದು. ಕೊಡುವುದೋ ಬೇಡವೋ ಎಂದು ಯೋಚಿಸುವಾಗ ಮೊದಲು ಅದರ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತು ನೋಡಿ. ಹೊರಗಿನ ಗಾಳಿ ಬರುವ ದಾರಿ ಇದೆಯೇ? ಗ್ಯಾಸ್ ಗೀಸರ್ ಮತ್ತು ಸಿಲಿಂಡರ್ ಎರಡೂ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ಯಾರಾದರೂ ಇಣುಕುತ್ತಾರೆಂಬ ಭಯವಿದ್ದರೆ ಕಿಟಕಿಗೆ ಜಾಲರಿ ಅಥವಾ ಸಂದಿಯಲ್ಲಿ ಗಾಳಿ ಬರುವಂಥ ಓರೆಹಲಗೆ ಹಾಕಿಸಿ, ಸಿಮೆಂಟ್ ಹಾಕಬೇಡಿ. ಸ್ನಾನದ ಮನೆಯಲ್ಲಿ ತಲೆನೋವು, ತಲೆ ಸುತ್ತು, ವಾಕರಿಕೆ ಬಂದರೆ ಹಸಿವು ಎಂದುಕೊಳ್ಳಬೇಡಿ, ಕೂಡಲೇ ಹೊರಗೆ ಬನ್ನಿ. ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ತೆರೆದು, ಅವರನ್ನು ಬಯಲಿಗೆ ತಂದು, ಗ್ಯಾಸ್ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ಡಾಕ್ಟರಿಗೆ ಮರೆಯದೆ ಹೇಳಿ.

ಗಾಳಿಯಿಲ್ಲದ ರೂಮನ್ನು ಈಗಾಗಲೇ ಬಾಡಿಗೆಗೆ ಕೊಟ್ಟಿದ್ದರೆ, ಇದನ್ನು ಕೆಳಗಿಟ್ಟು ಎದ್ದು ಹೋಗಿ ಅವರ ಬಾಗಿಲು ತಟ್ಟಿ. ಗೀಸರ್ ಹೊರಗೆ ಹಾಕಿಸುವ ತನಕ ಹಚ್ಚಬೇಡಿ ಎಂದು ಹೇಳಿ. ನಾಳೆ ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗುವ ಮೊದಲೇ ಹೇಳಿ.