ಸರ್ಕಾರಕ್ಕೆ ಸೋಸಿ ಕೊಟ್ಟ ನೀರು

ರಾಯಿಕೋಡ್ ಕಡೆಯ ನಮ್ಮ ಹಳ್ಳಕ್ಕೆ ಎಪ್ಪತ್ನಾಲ್ಕರಲ್ಲಿ ಸರ್ಕಾರ ಒಡ್ಡು ಕಟ್ಟಿತು. ಅದಕ್ಕೂ ಮುಂಚೆ ನಾವು ಎಂಥ ದಡ್ಡರಿದ್ದೆವೆಂದರೆ, ಮರಳಿನಲ್ಲಿ ಮೊಳದಷ್ಟು ತೋಡಿ, ಒರತೆಯಲ್ಲಿ ಜಿನುಗಿದ ತಿಳಿನೀರನ್ನು ಸೋರೆಬುರುಡೆಯಿಂದ ಮೊಗೆದು ಕುಡಿಯುತ್ತಿದ್ದೆವು. ಮೇಲಿನ ಊರಿನವರು ನಾರು ಬಿಡಿಸಲು ಪುಂಡಿ ಕಟ್ಟಿಗೆಯನ್ನು ಹಳ್ಳದಲ್ಲಿ ಕೊಳೆಹಾಕುತ್ತಿದ್ದರು. ಹರಿಯುವ ನೀರು ಆ ಕೊಳೆಯನ್ನು ಹೊತ್ತೊಯ್ಯುತ್ತಿತ್ತು. ಹರಿಯುವ ಚಟವನ್ನು ಸರ್ಕಾರ ಬಿಡಿಸಿತು. ನೀರು ನಿಂತಿತು, ಕೊಳೆಯೂ ನಿಂತಿತು. ಮರಳಿನ ಮೇಲೆ ಕಪ್ಪು ಕೆಸರು ಕೂತು ಒರತೆಗಳು ಮುಚ್ಚಿಹೋದವು, ಮೀನುಗಳು ಸತ್ತು ತೇಲಿದವು. ಉದ್ಘಾಟನೆಯ ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು.

ನನ್ನ ಮೊಮ್ಮಗಳು ತಾರಾಳಿಗೆ ಎರಡು ವರ್ಷ. ದೀಪಾವಳಿಯಿಂದ ಭೇದಿ ಹತ್ತಿ ಕೈಕಾಲು ಕಡ್ಡಿಯಾಗಿದ್ದವು. ನೀರು ಬದಲಿಸಿ ಎಂದರು ಜಹೀರಾಬಾದಿನ ಡಾಕ್ಟರು. ಬೇರೆ ನೀರು ಅವರಪ್ಪ ತಂದುಕೊಡುತ್ತಾನೆಯೆ? ನನ್ನ ಹೆಂಡತಿ ಶಕುಂತಲಾಬಾಯಿ ಕೂಸಿಗೆಂದೇ ದಿನಕ್ಕೊಂದು ಕೊಡ ನೀರು ತಿಳಿ ಮಾಡತೊಡಗಿದಳು. ಚಿಲ್ಲದ ಬೀಜ ತೇಯ್ದು ಹಾಕಿ ಕೆಸರು ಇಳಿಸಿ, ನಾಲ್ಕು ಪದರ ಅರಿವೆಯಲ್ಲಿ ಸೋಸಿ, ಕುದಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಉಳಿದ ನಾವೆಲ್ಲ ಒಡ್ಡಿನದನ್ನೇ ಮೂಗು ಮುಚ್ಚಿ ಕುಡಿಯುತ್ತಿದ್ದೆವು.

ಹದಿನೈದು ದಿನ ಒಡ್ಡಿನ ಗೇಟು ತೆಗೆದು ಕೊಳೆ ಹರಿಯಬಿಡಿ ಎಂದು ನಾನು ಅರ್ಜಿ ಬರೆದೆ. ಮೂರನೆಯ ಅರ್ಜಿಗೆ ಓವರ್ಸಿಯರ್ ನರಸಿಂಹುಲು ಒಂದು ಗಾಜಿನ ಬಾಟಲಿ ಹಿಡಿದು ಬಂದ.

"ಮನ್ಮಥಪ್ಪನವರೆ, ಇದರಾಗ ಒಡ್ಡಿನ ನೀರು ತುಂಬಿಸಿ ಕೊಡ್ರಿ. ಹೈದರಾಬಾದಿನಾಗ ಟೆಸ್ಟ್ ಮಾಡ್ತಾರ. ಕೆಟ್ಟದ ಅಂತ ಬಂದ್ರ ಗೇಟ್ ತೆಗೀತೀವಿ," ಎಂದು ಬೇವಿನ ನೆರಳಿನಲ್ಲಿ ಕೂತುಬಿಟ್ಟ.

ಇನ್ನು ನನ್ನ ಜಾಣತನ ಕೇಳಿ. ಬಾಟಲಿಯನ್ನು ಹೆಂಡತಿಯ ಕೈಗೆ ಕೊಟ್ಟೆ.

"ಯಾರಿಗ್ರಿ ನೀರು?" ಎಂದಳು.

"ಸರ್ಕಾರದವ್ರಿಗಿ. ದೊಡ್ಡ ದೊಡ್ಡವ್ರು ನೋಡ್ತಾರಂತ."

ನಮ್ಮ ಮನೆಯಲ್ಲಿ ಹೊರಗಿನವರಿಗೆ ರಾಡಿ ನೀರು ಕೊಟ್ಟ ಚರಿತ್ರೆಯೇ ಇಲ್ಲ. ಅವಳು ಕೂಸಿನ ಕೊಡದಲ್ಲಿ ಅವತ್ತು ಉಳಿದಿದ್ದಷ್ಟನ್ನೂ ಬಾಟಲಿಗೆ ತುಂಬಿದಳು. ನಾನಾದರೂ ಬೇಡವೆಂದೆನೆ? ಬಿಸಿಲಿಗೆ ಹಿಡಿದು ನೋಡಿ, ಊರ ಮಾನ ಉಳಿಯಿತು ಎಂದು ಹಿಗ್ಗಿದೆ. ಅವತ್ತು ಕೂಸು ಸಂಜೆಯವರೆಗೆ ನೀರಿಗಾಗಿ ಅತ್ತಿತು. ಈಗ ನೆನೆದರೂ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ.

ರಿಪೋರ್ಟು ಬಂತು: ನೀರು ಅತ್ಯುತ್ತಮ, ಗೇಟು ತೆಗೆಯುವ ಅಗತ್ಯವಿಲ್ಲ.

ಚೈತ್ರದ ಬಿಸಿಲಲ್ಲಿ ನರಸಿಂಹುಲು ಮತ್ತೆ ಬಂದ. ಕುಡಿಯಲು ಯೋಗ್ಯ ಎಂಬ ಬೋರ್ಡನ್ನು ಒಡ್ಡಿನ ಮೇಲೆ ನಿಲ್ಲಿಸಿ, ಬೆವರು ಒರೆಸುತ್ತ ನಮ್ಮ ಕಟ್ಟೆಗೆ ಬಂದು ನೀರು ಕೇಳಿದ. ಶಕುಂತಲಾಬಾಯಿ ಬೆಳಗಿದ ತಂಬಿಗೆಯಲ್ಲಿ ತಂದಿಟ್ಟಳು. ಅವನು ಬಾಯಿಯ ತನಕ ಎತ್ತಿ ಮುಖ ಕಿವುಚಿದ.

"ಇದ್ಯಾವ ನೀರ್ರಿ, ಅಕ್ಕೋರೆ?"

"ನಿಮ್ಮ ಒಡ್ಡಿಂದೇ. ಪಾಸಾಗ್ಯದಲ್ಲರಿ."

"ಅವತ್ತ ಬಾಟಲಿಗಿ ಹಾಕಿದಂಥಾದು ಇದ್ರ ಕೊಡ್ರಿ."

"ಅದು ಕೂಸಿನ ನೀರದರಿ. ಕೊಡಾಕ ಆಗಲ್ಲ."

ಹಾಳು ಅಭ್ಯಾಸ, ನಾನು ಕೂಸಿನ ಕೊಡದ ಕಡೆಗೆ ಎದ್ದೇಬಿಟ್ಟಿದ್ದೆ.

"ನೀವು ಕುಂದ್ರಿ," ಎಂದಳು. ಕುಂತೆ.

ನರಸಿಂಹುಲು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟ. ಮತ್ತೆ ಟೆಸ್ಟಿಗೆ ಕಳಿಸಲೆಂದು ಚೀಲದಿಂದ ಇನ್ನೊಂದು ಬಾಟಲಿ ತೆಗೆದ. ಅವಳು ತಂಬಿಗೆಯನ್ನು ಅದರೊಳಗೆ ಬಗ್ಗಿಸಿದಳು. ಕಪ್ಪು ನೀರಿನ ಜೊತೆ ಕೊಳೆತ ಪುಂಡಿಯ ಎಳೆಯೂ ಇಳಿಯಿತು.

"ಜರಾ ಸೋಸಿ ಕೊಡ್ರಿ, ಅಕ್ಕೋರೆ," ಎಂದ ಅವನು ಮೆಲ್ಲಗೆ. "ಇಂಥಾದು ಸಾಹೇಬ್ರ ಮುಂದ ಹ್ಯಾಂಗ ಇಡ್ಲಿ?"

"ದೀಪಾವಳಿತನಕ ನಮ್ಮ ಕೂಸು ಇದನ್ನ ಕುಡದದರಿ," ಎಂದಳು ಶಕುಂತಲಾಬಾಯಿ. "ನಿಮ್ಮ ಸಾಹೇಬ್ರು ನೋಡ್ಯಾರ ನೋಡ್ಲಿ."