ಚನಮಲ್ಲಪ್ಪನ ಫೋನು ಮತ್ತು ನಾನು

ನಾನು ಒಂದು ರೌಟರ್. ತಂತಿಯಲ್ಲಿ ಬರುವ ಇಂಟರ್ನೆಟ್ಟನ್ನು ಗಾಳಿಗೆ ಬಿಡುವ ಬಿಳಿ ಡಬ್ಬಿ. ಯಾವುದೋ ದೂರದ ಕಾರ್ಖಾನೆಯಲ್ಲಿ, ನನ್ನಂಥದೇ ಸಾವಿರಾರು ಡಬ್ಬಿಗಳ ನಡುವೆ ಹುಟ್ಟಿದೆ. ಆಗ ನನಗಿದ್ದದ್ದು ಅಂಕಿ ಅಕ್ಷರ ಕಲಸಿದ ಒಂದು ಹೆಸರು. ಅದನ್ನು ಹೆಸರೆನ್ನುವವರಿಗೆ ಬುದ್ಧಿಯಿಲ್ಲ.

ನಿಜವಾದ ಹೆಸರಿಟ್ಟವನು ರಬಕವಿಯ ಚನಮಲ್ಲಪ್ಪ, ಮಗ್ಗ ರಿಪೇರಿಯವನು. ನನ್ನನ್ನು ಟಿವಿ ಮೇಲಿನ ಹಲಗೆಗೆ ಏರಿಸಿ, ಎಣ್ಣೆ ಹತ್ತಿದ ಬೆರಳಿನಿಂದಲೇ ತನ್ನ ಫೋನಿನಲ್ಲಿ ನನ್ನ ಸೆಟ್ಟಿಂಗ್ ತೆರೆದ. ಹೆಸರಿನ ಜಾಗದಲ್ಲಿ ‘ನಮ್ಮನಿ’ ಎಂದು ಬರೆದ. ಕೆಳಗೆ ಪಾಸ್‌ವರ್ಡ್ ಹಾಕಿದ. ಅಂದಿನಿಂದ ನಾನು ಆ ಹೆಸರು ಕೂಗುತ್ತಿರುವುದು, ಫೋನುಗಳು ಬಂದು ಪಾಸ್‌ವರ್ಡ್ ಹೇಳುವುದು, ಸರಿಯಿದ್ದರೆ ಒಳಗೆ ಬಿಡುವುದು. ಇಷ್ಟೇ ನನ್ನ ಕೆಲಸ. ಸಂಜೆ ಚನಮಲ್ಲಪ್ಪ ಹೊಸ್ತಿಲು ದಾಟುವ ಮೊದಲೇ ಅವನ ಫೋನು ನನ್ನನ್ನು ಸೇರುತ್ತಿತ್ತು. ಅವನು ಬಂದದ್ದು ಹೆಂಡತಿ ಬಾಳವ್ವನಿಗಿಂತ ಮೊದಲು ನನಗೆ ತಿಳಿಯುತ್ತಿತ್ತು.

ಒಂದು ಸಂಜೆ ಫೋನು ಬಂತು, ಅವನು ಬರಲಿಲ್ಲ. ಮಗ್ಗದ ಶೆಡ್ಡಿನಲ್ಲೇ ಅವನ ಎದೆಬಡಿತ ನಿಂತಿತ್ತು. ಫೋನು ಮಗ ಸಂಗನಬಸುವಿನ ಜೇಬಿನಲ್ಲಿತ್ತು. ಬಾಳವ್ವ ಅದನ್ನು ಕಸಿದು ಟ್ರಂಕಿನಲ್ಲಿಟ್ಟಳು. ಅಲ್ಲೇ ಅದರ ಚಾರ್ಜ್ ಮುಗಿಯಿತು.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದದ್ದೆಲ್ಲ ಫೋಟೋದ ಮುಂದೆ ಬರಬೇಕು. ಬಾಳವ್ವ ಹೋಳಿಗೆ ಇಟ್ಟಳು, ಎಲೆ ಅಡಿಕೆ ಇಟ್ಟಳು, ಫೋನನ್ನೂ ಚಾರ್ಜ್ ಮಾಡಿ, ಹಚ್ಚಿ ಇಟ್ಟಳು. ಹಿರಿಯರು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಒಳಗೆ ಊದುಬತ್ತಿಯ ಹೊಗೆ, ಫೋಟೋ, ಫೋನು, ನಾನು.

ಫೋನು ನನ್ನ ಕೂಗು ಕೇಳಿತು. ಪಾಸ್‌ವರ್ಡ್ ಹೇಳಿತು. ಬಿಟ್ಟೆ. ಕಾದಿದ್ದ ಸಂದೇಶಗಳೆಲ್ಲ ಒಮ್ಮೆಲೇ ಬಿದ್ದವು. ಟಿಣ್. ಟಿಣ್. ಟಿಣ್. ಹೊರಗಿದ್ದವರಿಗೂ ಕೇಳಿಸಿತು.

“ಬಂದ್ರು,” ಎಂದಳು ಬಾಳವ್ವ.

“ಯಾರೋ ಗುಡ್ ಮಾರ್ನಿಂಗ್ ಕಳಿಸ್ಯಾರ, ಅವ್ವಾ,” ಎಂದ ಸಂಗನಬಸು.

“ಬಾಯಿ ಮುಚ್ಚು. ಉಣ್ಣಾಕ ಬಿಡು.”

ಆಮೇಲೆ ದಿನಾ ಸಂಜೆ ದೀಪ ಹಚ್ಚಿದ ಕೂಡಲೇ ಆ ಫೋನನ್ನೂ ಹಚ್ಚಿ ಫೋಟೋದ ಮುಂದೆ ಇಡತೊಡಗಿದಳು. ಅದು ಟಿಣ್ ಅಂದ ಮೇಲೆಯೇ ಅವಳು ತುತ್ತು ಎತ್ತುತ್ತಿದ್ದಳು. ಬೇರೆ ಯಾರಿಗೂ ಅದನ್ನು ಮುಟ್ಟಗೊಡಲಿಲ್ಲ.

ಅಷ್ಟರಲ್ಲಿ ಓಣಿಯ ಹುಡುಗರಿಗೆಲ್ಲ ಪಾಸ್‌ವರ್ಡ್ ಗೊತ್ತಾಗಿ, ನನ್ನ ಮೇಲೆ ಕ್ರಿಕೆಟ್ ನೋಡಲು ಮುಗಿಬಿದ್ದರು. ಸಂಗನಬಸು ಸಿಟ್ಟಿಗೆದ್ದು ಪಾಸ್‌ವರ್ಡ್ ಬದಲಿಸಿದ. ಹುಡುಗರು ತೊಲಗಿದರು, ನನಗೂ ಸಂತೋಷವೇ. ಆದರೆ ಸಂಜೆ ಆ ಫೋನು ಬಂದು ಹಳೆಯ ಪಾಸ್‌ವರ್ಡ್ ಹೇಳಿತು. ಆಗದು ಎಂದೆ. ಮತ್ತೆ ಹೇಳಿತು. ಮತ್ತೆ ಆಗದು ಎಂದೆ. ತಪ್ಪಿದ್ದರೆ ಬಿಡಬೇಡ ಎಂದಷ್ಟೇ ನನಗೆ ಕಲಿಸಿದ್ದಾರೆ. ನನಗೆ ಹೆಸರಿಟ್ಟವನ ಫೋನು ನನ್ನ ಬಾಗಿಲಲ್ಲೇ ನಿಂತು ತಟ್ಟುತ್ತಿತ್ತು.

“ಯಾಕ್ರೀ, ಸಿಟ್ಟಾಗೀರೇನು? ಸಾರಿಗೆ ಉಪ್ಪು ಕಡಿಮಿ ಆತೇನು?” ಬಾಳವ್ವ ಫೋಟೋವನ್ನು ಕೇಳಿದಳು. ಉಣ್ಣದೆ ಮಲಗಿದಳು. ಮರುದಿನವೂ ಹಾಗೆಯೇ.

ಸಂಗನಬಸು ಹೆದರಿದ. “ಅವ್ವಾ, ಅಪ್ಪಾರು ಸಿಟ್ಟಾಗಿಲ್ಲ. ನಾ ಪಾಸ್‌ವರ್ಡ್ ಬದಲಿ ಮಾಡೀನಿ. ಆ ಫೋನ್ ಇಲ್ಲಿ ಕೊಡು, ಹೊಸಾದು ಹಾಕ್ತೀನಿ.”

ಅವಳು ಫೋನನ್ನು ಸೆರಗಿನೊಳಗೆ ಎಳೆದುಕೊಂಡಳು. “ಅವರು ಬರಾಂಗಿಲ್ಲ ಅನ್ನೂದು ನನಗ ಗೊತ್ತೈತಿ. ನಾ ಏನು ಹುಚ್ಚಿ ಅಲ್ಲ. ಇದರಾಗ ಅವರು ಇಟ್ಟದ್ದು ಹಂಗ ಇರ್ಲಿ. ನೀ ಬಾಗಲಾ ಹಾಕಿದಾಂವ, ನೀನ ತೆಗಿ.”

ಸಂಗನಬಸು ಹಳೆಯ ಪಾಸ್‌ವರ್ಡನ್ನೇ ಮತ್ತೆ ಹಾಕಿದ. ಟಿಣ್. ಬಾಳವ್ವ ತಟ್ಟೆ ತೆಗೆದುಕೊಂಡಳು. ಹುಡುಗರೂ ಮರಳಿ ಬಂದರು. ಹಾಳಾಗಲಿ.

ನನಗೆ ವಯಸ್ಸಾಯಿತು. ದಿನಕ್ಕೆ ಹತ್ತು ಸಲ ಉಸಿರು ಕಟ್ಟುತ್ತಿತ್ತು. ಕೇಬಲ್ಲಿನವನು ಹೊಸ ಡಬ್ಬಿ ತಂದು, “ಹೊಸಾ ಪಾಸ್‌ವರ್ಡ್ ಇಡ್ರಿ, ಚಲೋ,” ಎಂದ.

“ನಮ್ಮ ಮನ್ಯಾಗ ಅದು ಆಗೂದಿಲ್ರಿ. ಹೆಸರೂ ಹಳೇದ ಇರ್ಲಿ,” ಎಂದ ಸಂಗನಬಸು.

ಪಾಸ್‌ವರ್ಡನ್ನೂ ಹೆಸರನ್ನೂ ಅದಕ್ಕೆ ಕೊಟ್ಟು ನನ್ನನ್ನು ಕಳಚಿದರು. ಈಗ ಕೇಬಲ್ಲಿನವನ ಅಂಗಡಿಯ ಮೂಲೆಯಲ್ಲಿ, ಸತ್ತ ರಿಮೋಟುಗಳ ನಡುವೆ ಬಿದ್ದಿದ್ದೇನೆ. ಎಲ್ಲ ಮರೆಸಿಬಿಡುವ ರೀಸೆಟ್ ತೂತಿಗೆ ಇನ್ನೂ ಯಾರೂ ಪಿನ್ನು ಚುಚ್ಚಿಲ್ಲ. ಹಾಗಾಗಿ ಆ ಹೆಸರು ಒಳಗೇ ಇದೆ. ಯಾರಾದರೂ ಕರೆಂಟು ಕೊಟ್ಟರೆ ಇಲ್ಲಿಂದಲೇ ಕೂಗುತ್ತೇನೆ. ಇಷ್ಟು ದೂರ ಆ ಫೋನು ಬರುವುದಿಲ್ಲ, ಗೊತ್ತು. ಬಂದರೆ ಮಾತ್ರ ಪಾಸ್‌ವರ್ಡ್ ಕೇಳುವುದಿಲ್ಲ.