ಎರಡನೆಯ ಕೊಂಡಿ

ಥಿಯೇಟರಿನ ಮೆಟ್ಟಿಲು ಇಳಿಯುವ ಮೊದಲೇ ಜಗಳ ಶುರುವಾಗಿತ್ತು. ಅಣ್ಣನ ಗೆಳೆಯ, ಹಲ್ಲಿನ ಡಾಕ್ಟರು ತಮ್ಮ ಮನೆಗೇ ಕಳ್ಳರು ಕನ್ನ ಹಾಕಿದ ಹಾಗೆ ಕೂಗಾಡುತ್ತಿದ್ದರು.

“ಇದನ್ನ ‘ಒಂಟಿನೌಕೆ’ ಅಂತ ಕರೆಯೋಕೆ ನಾಚಿಕೆ ಆಗ್ಬೇಕು ಅವ್ರಿಗೆ! ಐದು ಸಿನಿಮಾದಲ್ಲಿ ಕಟ್ಟಿದ್ದನ್ನೆಲ್ಲ ಈ ಹೊಸ ಡೈರೆಕ್ಟರು ಗುಡಿಸಿ ಆಚೆ ಹಾಕ್ಬಿಟ್ಟ.”

“ಬದಲಾವಣೆ ಬೇಡ ಅಂತ ಯಾರಂದ್ರು ಸಾರ್? ನೌಕೆಗೆ ಬೇರೆ ಬಣ್ಣ ಹೊಡೀಲಿ, ಹೊಸ ಗ್ರಹ ತೋರಿಸ್ಲಿ. ಆದ್ರೆ ಕ್ಯಾಪ್ಟನ್ನು ಕೈಯಾರೆ ನಳಿಗೆ ಕಿತ್ಕೊಂಡು ಸಾಯೋದಾ? ಛೆ!” ಎಂದ ಇನ್ನೊಬ್ಬ ಗೆಳೆಯ, ಕಂಡಕ್ಟರ್. ಬಸ್ಸಿನಲ್ಲಿ ದಿನವಿಡೀ ಶಿಳ್ಳೆ ಊದುವ ಅವನು ಮಾತನ್ನೂ ಹಾಗೇ ಊದುತ್ತಾನೆ. ಪಕ್ಕದಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ನನಗೆ ಈ ಸಿನಿಮಾಗಳೆಂದರೆ ಅಷ್ಟಕ್ಕಷ್ಟೆ. ಅಣ್ಣನನ್ನು ಕಾರಿನಲ್ಲಿ ಕರೆತರುವವರು ಬೇರೆ ಯಾರೂ ಇಲ್ಲವೆಂದು ಬಂದಿದ್ದೆ, ಇಂಟರ್‌ವಲ್ ಆದಮೇಲೆ ಸೊಗಸಾಗಿ ನಿದ್ದೆ ಹೊಡೆದಿದ್ದೆ. ಆದರೂ ಕಥೆ ನನಗೆ ಬಾಯಿಪಾಠ. ಹುಟ್ಟಿದಾಗಿನಿಂದ ಈ ಮನುಷ್ಯನ ಜೊತೆ ಒಂದೇ ಮನೆಯಲ್ಲಿ ಇದ್ದೇನೆ, ಬಾಯಿಪಾಠ ಆಗದೆ ಇನ್ನೇನು? ಎರಡನೇ ಸಿನಿಮಾದಲ್ಲಿ ಕ್ಯಾಪ್ಟನ್ನನ ಎದೆಗೆ ವಿಷದ ಧೂಳು ಹೊಗುತ್ತದೆ. ಅಂದಿನಿಂದ ಅವನು ಎಲ್ಲಿಗೆ ಹೋದರೂ ನೌಕೆಗೆ ಮರಳಿ, ಒಂದು ಕುರ್ಚಿಯಲ್ಲಿ ಕೂತು, ಎದೆಗೆ ನಳಿಗೆ ಜೋಡಿಸಿಕೊಂಡು ರಕ್ತ ತೊಳೆಸಿಕೊಳ್ಳಬೇಕು. ಜೋಡಿಸುವವಳು ನೌಕೆಯ ಮೆಕ್ಯಾನಿಕ್, ಬಾಯಿ ಜೋರಿನ ಹೆಂಗಸು. ಕುರ್ಚಿ ಬಿಟ್ಟು ದೂರ ಹೋಗಲಾರದವನು ಲೋಕಗಳನ್ನೆಲ್ಲ ಹೇಗೆ ಕಾಪಾಡುತ್ತಾನೆ ಎನ್ನುವುದೇ ಮಿಕ್ಕ ಸಿನಿಮಾಗಳ ಕಥೆ.

ಅಣ್ಣನ ಕಿಡ್ನಿಗಳು ಕೈಕೊಟ್ಟು ಡಯಾಲಿಸಿಸ್ ಶುರುವಾದ ಮೊದಲ ದಿನ, ಆಸ್ಪತ್ರೆಯಲ್ಲಿ ಮೆಷಿನ್ನಿನ ಪಕ್ಕದ ಕುರ್ಚಿ ನೋಡಿ ಅವನು, “ನೋಡೇ, ನಂಗೂ ಸಿಕ್ತು ಕುರ್ಚಿ” ಎಂದು ನಕ್ಕಿದ್ದ. ಆಮೇಲಿಂದ ಈ ಗೆಳೆಯರ ಬಾಯಲ್ಲಿ ಅವನು ಕ್ಯಾಪ್ಟನ್, ನಾನು ಮೆಕ್ಯಾನಿಕ್. ನನ್ನ ಕಿಡ್ನಿ ಕೊಡುತ್ತೇನೆಂದರೆ ಅದು ಅವನಿಗೆ ಹೊಂದಲಿಲ್ಲ. ಹಾಗಾಗಿ ವಾರಕ್ಕೆ ಮೂರು ಸಲ ಅವನನ್ನು ಕರೆದೊಯ್ಯುವುದು, ದಾರಿಯುದ್ದಕ್ಕೂ ಬೈಯುವುದು, ವಾಪಸ್ ತರುವುದು ನನ್ನ ಪಾಲಿಗೆ ಬಂತು. ಬೈಯುವುದು ನನಗೆ ಕಷ್ಟವಲ್ಲ. ನಾನು ಡ್ರೈವಿಂಗ್ ಕಲಿಸುವವಳು, ಬೆಳಗಿನಿಂದ ಸಂಜೆವರೆಗೆ ಕಲಿಯುವವರ ಪಕ್ಕ ಕೂತು ಕಿರುಚುವುದೇ ನನ್ನ ಹೊಟ್ಟೆಪಾಡು.

“ನೀವ್ಯಾಕೆ ಸುಮ್ನಿದ್ದೀರಿ ಕ್ಯಾಪ್ಟನ್? ಬಯ್ರಿ ನೀವೂ!” ಎಂದರು ಡಾಕ್ಟರು.

ಅಣ್ಣ ಕಾರಿಗೆ ಒರಗಿ ನಿಂತಿದ್ದ. “ನಂಗೆ ಹಿಡಿಸ್ತು.”

“ಏನು?”

“ಹಿಡಿಸ್ತು ಅಂದೆ. ಈಗ ನಿಜ ಹೇಳಿದ್ದಾರೆ. ಐದು ಸಿನಿಮಾ ಓಡಿತು, ಅವನನ್ನ ಒಬ್ರಾದ್ರೂ ಕೇಳಿದ್ರಾ, ಸುಸ್ತಾಯ್ತೇನಪ್ಪಾ ಅಂತ?”

ಅವರಿಬ್ಬರೂ ಅವನ ಮೇಲೆ ಮುಗಿಬಿದ್ದರು. ಕಥೆ, ನಿಯಮ, ಹಳೆಯ ಸಿನಿಮಾದ ಮಾತು, ಎಲ್ಲ ತೆಗೆದು ತೆಗೆದು ಎಸೆದರು. ಅವನು ನಗುತ್ತ ಕೇಳಿಸಿಕೊಂಡ. ನಾನು ಮಾತ್ರ ಕಾರಿನ ಬೀಗದ ಕೈ ಹಿಡಿದುಕೊಂಡು, ಬಾಗಿಲು ತೆರೆಯುವುದನ್ನೇ ಮರೆತು ನಿಂತಿದ್ದೆ.

ಆ ವಾರ ಅವನು ತನ್ನ ಕನ್ನಡಕದ ಅಂಗಡಿ ತೆರೆಯಲಿಲ್ಲ. ಗಾಜು ಉಜ್ಜುವ ಯಂತ್ರಕ್ಕೆ ಬಟ್ಟೆ ಹೊದಿಸಿ ಬಂದ. ಡಯಾಲಿಸಿಸ್ಸಿನ ನಡುವೆ ಕಾಲಿನ ಸೆಳೆತಕ್ಕೆ ಕಿರುಚಿದವನು, ಮನೆಗೆ ಬಂದಮೇಲೆ ಎಂದಿನಂತೆ ತಮಾಷೆ ಮಾಡಲಿಲ್ಲ. ಭಾನುವಾರ ಮಧ್ಯಾಹ್ನ ಅಡುಗೆಮನೆಗೆ ಬಂದು, ಲೋಟದ ತುಂಬ ನೀರು ಬಗ್ಗಿಸಿಕೊಂಡು, ನನ್ನ ಎದುರಿಗೇ ಗಟಗಟ ಕುಡಿದ. ದೇಹದಿಂದ ನೀರು ಹೊರಗೆ ಹೋಗದ ಮನುಷ್ಯ ಅವನು. ಬಾಯಾರಿದರೆ ಐಸಿನ ಚೂರು ಚೀಪಬೇಕು, ಅಷ್ಟೆ.

“ಹುಚ್ಚು ಹಿಡಿದಿದೆಯಾ ನಿಂಗೆ?”

“ಎಷ್ಟು ರುಚಿಯಾಗಿದೆ ಗೊತ್ತೇನೇ ನೀರು,” ಎಂದು ಬಾಯಿ ಒರೆಸಿಕೊಂಡ. “ಬುಧವಾರದಿಂದ ನಾನು ಡಯಾಲಿಸಿಸ್ಸಿಗೆ ಬರಲ್ಲ ಕಣೇ. ನಾಳೆ ಒಂದು ಸಲ ಹೋಗಿ ಬರ್ತೀನಿ, ಆಸ್ಪತ್ರೆ ಡಾಕ್ಟರಿಗೆ ಹೇಳ್ಬೇಕಲ್ಲ. ಆಮೇಲೆ ಸಾಕು.”

ನಾನು ಏನೇನು ಅಂದೆನೋ ನನಗೇ ನೆನಪಿಲ್ಲ. ಕೈಯಲ್ಲಿದ್ದ ಸೌಟು ಗೋಡೆಗೆ ಹೋಗಿ ಬಡಿಯಿತು. ಹೇಡಿ ಅಂದೆ, ಕಟುಕ ಅಂದೆ, ಕೊನೆಗೆ ಅವನ ಕಾಲ ಬಳಿ ಕೂತು ಅತ್ತೆ. ಅವನು ನನ್ನ ತಲೆ ಸವರುತ್ತ, “ನೀನು ಹೂಂ ಅನ್ನದೆ ನಾನು ಏನೂ ಮಾಡಲ್ಲ. ಹೂಂ ಅನ್ನು, ಸಾಕು” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಸಾಯುವುದು ಅವನು, ಹೂಂ ಅನ್ನಬೇಕಾದದ್ದು ನಾನು!

ಸೋಮವಾರ ಆಸ್ಪತ್ರೆಯ ಡಾಕ್ಟರನ್ನು ವರಾಂಡದಲ್ಲಿ ಅಡ್ಡಹಾಕಿದೆ. ಅವರು ಒಳ್ಳೆಯವರೇ. “ಅವರು ಯೋಚನೆ ಮಾಡಿಯೇ ಹೇಳ್ತಿದ್ದಾರೆ. ಒತ್ತಾಯ ಮಾಡೋ ಹಾಗಿಲ್ಲಮ್ಮ. ನೀವು ಮಾತಾಡಿ ನೋಡಿ” ಎಂದರು. ಮಾತಾಡಿ ನೋಡಬೇಕಂತೆ! ಅಣ್ಣನ ಜೊತೆ ಯಾವ ಮಾತು ನಡೆಯುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಅವನು ದೇವರ ಮಾತು ಕೇಳುವವನಲ್ಲ, ಡಾಕ್ಟರ ಮಾತು ಕೇಳುವವನಲ್ಲ. ಚಿಕ್ಕಂದಿನಿಂದಲೂ ಅವನ ತಲೆಗೆ ಹೋಗುವುದು ಆ ಹಾಳು ನೌಕೆಯ ಮಾತು ಒಂದೇ.

ಆ ಸಂಜೆ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಎರಡನೇ ಸಿನಿಮಾ ನೋಡಿದೆ. ನಿದ್ದೆ ಬರಲಿಲ್ಲ. ಮಾರನೇ ದಿನ ಕ್ಲಾಸುಗಳನ್ನೆಲ್ಲ ಬಿಟ್ಟು ಮೂರನೆಯದು, ನಾಲ್ಕನೆಯದು ನೋಡಿದೆ. ಆಮೇಲೆ ಹಲ್ಲಿನ ಡಾಕ್ಟರಿಗೂ ಕಂಡಕ್ಟರಿಗೂ ಫೋನು ಮಾಡಿ, “ಸಂಜೆ ಮನೆಗೆ ಬನ್ನಿ, ಅಣ್ಣನ ಜೊತೆ ವಾದ ಮಾಡೋದಿದೆ” ಎಂದೆ. ಇಬ್ಬರೂ ಖುಷಿಯಿಂದ ಬಂದರು. ಮೆಟ್ಟಿಲ ಹತ್ತಿರ ತಡೆದು ವಿಷಯ ಹೇಳಿದೆ. ಕಂಡಕ್ಟರ್ ಮೆಟ್ಟಿಲ ಮೇಲೇ ಕೂತುಬಿಟ್ಟ.

“ನಾವು ಏನಂತ ಹೇಳೋದು ತಾಯಿ? ಸಿನಿಮಾ ಬಗ್ಗೆ ಬಡ್ಕೊಳ್ತೀವಿ, ಅಷ್ಟೇ ನಮ್ಗೆ ಬರೋದು.”

“ಅದನ್ನೇ ಬಡ್ಕೊಳ್ಳಿ,” ಎಂದೆ. “ಆ ಸಿನಿಮಾ ಸುಳ್ಳು ಅಂತ ಅವನಿಗೆ ಅನ್ನಿಸ್ಬೇಕು.”

ಇಬ್ಬರೂ ಒಳಗೆ ಬಂದು ಕೂತರು. ಬೀದಿಯಲ್ಲಿ ನಿಂತು ಅಷ್ಟು ಹಾರಾಡುವ ಗಂಡಸರು, ಒಬ್ಬರ ಮುಖ ಒಬ್ಬರು ನೋಡುತ್ತ ಚಹಾ ಕುಡಿದರು. ಅಣ್ಣನಿಗೆ ತಿಳಿಯದೇ ಇರುತ್ತದೆಯೇ?

“ಇವಳು ಹೇಳಿದ್ದಾಳೆ ನಿಮ್ಗೆ,” ಎಂದ. “ಪರವಾಗಿಲ್ಲ. ಶುರುಮಾಡ್ರಯ್ಯಾ.”

ಡಾಕ್ಟರು ಕೆಮ್ಮಿ, ಗಂಟಲು ಸರಿಮಾಡಿಕೊಂಡರು. “ಕ್ಯಾಪ್ಟನ್ನು ಸೋಲೊಪ್ಪೋ ಆಸಾಮಿ ಅಲ್ಲ. ಅವನ ಸ್ವಭಾವಾನೇ ಬದಲಾಯಿಸಿಬಿಟ್ರು. ಅದು ಮೋಸ.”

“ಸ್ವಭಾವ ಅಲ್ಲ ಡಾಕ್ಟ್ರೇ, ವಯಸ್ಸು. ಮೊದಲ ಸಿನಿಮಾ ನೋಡಿದಾಗ ನಿಮ್ಗೆ ತಲೆ ತುಂಬ ಕೂದಲಿತ್ತು. ಈಗೆಲ್ಲಿ? ನಿಮ್ಮನ್ನ ಯಾರು ಬದಲಾಯಿಸಿದ್ರು?”

ಡಾಕ್ಟರು ತಲೆ ಮುಟ್ಟಿಕೊಂಡರು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಆಗ ಕಂಡಕ್ಟರ್ ಎದ್ದು ನಿಂತ. “ಸ್ವಭಾವ ಬಿಡಿ. ಕೊಂಡಿ ಕಥೆ ಏನು? ಎರಡನೇ ಸಿನಿಮಾದಲ್ಲಿ ಕಣ್ಣಾರೆ ನೋಡಿದೀವಿ. ನಳಿಗೆಗೆ ಎರಡು ಕೊಂಡಿ. ಒಂದು ಕುರ್ಚಿ ಹತ್ರ, ಇನ್ನೊಂದು ದೂರ, ಗೋಡೇಲಿ. ಎರಡೂ ಒಂದೇ ಸಲ ಎತ್ತಿದ್ರೆ ಮಾತ್ರ ನಳಿಗೆ ಬಿಡುತ್ತೆ. ಕೂತವನೊಬ್ಬನ ಕೈಯಲ್ಲಿ ಸಾಧ್ಯಾನೇ ಇಲ್ಲ! ಹೊಸ ಸಿನಿಮಾದಲ್ಲಿ ಅವನೊಬ್ಬನೇ ತೆಗ್ದ್‌ಬಿಟ್ಟ. ಅದು ಹೇಗ್ರೀ? ತಪ್ಪು! ಶುದ್ಧ ತಪ್ಪು!”

ನನಗೆ ಹೋದ ಜೀವ ಬಂದಂತಾಯಿತು. “ಹೌದು! ನಾನೂ ನೋಡಿದೆ, ಗೋಡೇಲಿದೆ!” ಎಂದು ಕೂಗಿಬಿಟ್ಟೆ.

ಅಣ್ಣ ನನ್ನನ್ನು ಆಶ್ಚರ್ಯದಿಂದ ನೋಡಿದ. “ನೀನು ಎರಡನೇ ಸಿನಿಮಾ ನೋಡಿದ್ಯಾ?”

“ನಾಲ್ಕರ ತನಕ ನೋಡಿದೀನಿ. ಏನಿವಾಗ?”

ಅವನ ಕಣ್ಣು ತುಂಬಿತು. ಸ್ವಲ್ಪ ಹೊತ್ತು ತೋಳನ್ನು ಸವರಿಕೊಳ್ಳುತ್ತ ಕೂತ. ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಆ ತೋಳಿನ ನರ ಹಗ್ಗದಂತೆ ದಪ್ಪಗಾಗಿದೆ, ಮುಟ್ಟಿದರೆ ಒಳಗೆ ಗುಂಯ್ ಎನ್ನುತ್ತದೆ. ಆಮೇಲೆ ಮೆಲ್ಲಗೆ ಹೇಳಿದ.

“ಅದು ತಪ್ಪಲ್ಲ ಕಂಡಕ್ಟ್ರೇ. ನೀವು ಸರಿಯಾಗಿ ನೋಡ್ಲಿಲ್ಲ. ಗೋಡೆ ಹತ್ರ ಮೆಕ್ಯಾನಿಕ್ ಇದ್ದಳು. ಕ್ಯಾಮೆರಾ ಆ ಕಡೆ ತಿರುಗಲಿಲ್ಲ, ಅಷ್ಟೆ.”

ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ನನ್ನಿಂದ ಅವನು ಕೇಳುತ್ತಿದ್ದ ಹೂಂ ಯಾವುದು ಎನ್ನುವುದು ಆಗ ನನಗೆ ಪೂರ್ತಿ ಅರ್ಥವಾಯಿತು. ಎದ್ದು ಅಡುಗೆಮನೆಗೆ ಹೋಗಿ, ಯಾರಿಗೂ ಕೇಳಿಸದ ಹಾಗೆ ನಲ್ಲಿ ಬಿಟ್ಟುಕೊಂಡು ಅತ್ತೆ. ಅವರು ಹೋಗುವಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು, “ನಾನು ಕೊಂಡಿ ಮಾತು ಎತ್ತಬಾರದಿತ್ತು” ಎಂದ.

ಬುಧವಾರ ಬೆಳಿಗ್ಗೆ ಕಾರಿನ ಬಾಗಿಲು ತೆರೆದು ನಿಂತೆ. ಅಣ್ಣ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದ. ಮುಖ ಊದಿತ್ತು, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಏದುಸಿರು. “ನಾನು ಓಡಿಸ್ತೀನಿ. ಒಂದು ಸುತ್ತು ಸಮುದ್ರದ ಕಡೆ ಹೋಗಿ ಬರೋಣ” ಎಂದ. ಹೊಸ ಸಿನಿಮಾದಲ್ಲಿ ಕ್ಯಾಪ್ಟನ್ನು ಕೊನೆಗೆ ಸಾಯಲು ಹೋಗಿ ಕೂರುವುದು ಒಂದು ಸಮುದ್ರದ ದಡದಲ್ಲಿ. ಆ ಭಾಗ ಬಂದಾಗ ಮಾತ್ರ ನಾನು ಎಚ್ಚರವಾಗಿದ್ದೆ.

ನಾನು ಏನೂ ಹೇಳದೆ ಬೀಗದ ಕೈ ಕೊಟ್ಟೆ. ಪಕ್ಕದ ಸೀಟಿನಲ್ಲಿ ಕೂತೆ. ಅದು ಕಲಿಸುವ ಕಾರು. ನನ್ನ ಕಾಲಿನ ಕೆಳಗೂ ಒಂದು ಬ್ರೇಕ್ ಇದೆ. ಕಲಿಯುವವರಿಗೆ ಮೊದಲ ದಿನವೇ ಹೇಳುತ್ತೇನೆ, ನೀವು ಯಾರನ್ನಾದರೂ ಸಾಯಿಸಲು ಹೊರಟಾಗ ಮಾತ್ರ ನಾನು ಇದನ್ನು ಒತ್ತುತ್ತೇನೆ ಎಂದು.

ಅವನು ಚೆನ್ನಾಗಿಯೇ ಓಡಿಸಿದ, ನಾನೇ ಕಲಿಸಿದ್ದಲ್ಲವೇ. ದೊಡ್ಡ ಸರ್ಕಲ್ಲಿನಲ್ಲಿ ಎಡಕ್ಕೆ ತಿರುಗಿದರೆ ಆಸ್ಪತ್ರೆ, ನೇರ ಹೋದರೆ ಸಮುದ್ರ. ಅವನು ಇಂಡಿಕೇಟರ್ ಹಾಕಲಿಲ್ಲ. ಹಸಿರು ದೀಪ ಬಂತು. ಕಾರು ನೇರ ಹೊರಟಿತು.

ಒತ್ತಬೇಕೆಂದು ನಾನು ಯೋಚಿಸಲಿಲ್ಲ. ನನ್ನ ಕಾಲು ತಾನೇ ಒತ್ತಿತು. ಸರ್ಕಲ್ಲಿನ ನಟ್ಟನಡುವೆ ಕಾರು ಗಕ್ಕನೆ ನಿಂತು, ಇಂಜಿನ್ ಆಫ್ ಆಯಿತು. ಹಿಂದಿನಿಂದ ಹಾರ್ನ್‌ಗಳು ಶುರುವಾದವು.

“ಒತ್ತಿದ್ಯಾ?”

“ಒತ್ತಿದೆ.”

“ತೆಗಿ ಕಾಲು.”

“ತೆಗೆಯಲ್ಲ.” ಇನ್ನೂ ಬಲವಾಗಿ ಒತ್ತಿ ಹಿಡಿದೆ. “ಆ ಮೆಕ್ಯಾನಿಕ್ ಗೋಡೆ ಹತ್ರ ಇದ್ದಳು ಅಂದ್ಯಲ್ಲ, ಇರ್ಲಿಲ್ಲ! ಇದ್ದಿದ್ರೆ ಎತ್ತುತ್ತಿರಲಿಲ್ಲ. ಅವನು ಹೋದಮೇಲೆ ಆ ಕುರ್ಚಿ ಒರೆಸೋಳು ಅವಳು. ಅದನ್ನ ಯಾಕೆ ತೋರಿಸ್ಲಿಲ್ಲ ನಿನ್ನ ಡೈರೆಕ್ಟರು? ಅಷ್ಟು ದೊಡ್ಡ ನೌಕೇಲಿ ಒಬ್ಬಳೇ ಏನು ಮಾಡ್ತಾಳೆ ಅವಳು? ನಂಗೆ ಭಯ ಆಗತ್ತೆ ಅಣ್ಣಾ. ನೀನಿಲ್ದೆ ನಂಗೆ ಭಯ ಆಗತ್ತೆ.”

ಹಿಂದೆ ಯಾರೋ ಇಳಿದು ಬಂದು ಗಾಜು ಬಡಿದರು. ನಾನು ತಿರುಗಿ ಒಂದು ಬೈಗುಳ ಬಿಟ್ಟೆ, ಆ ಮನುಷ್ಯ ವಾಪಸ್ ಹೋದ. ಅಣ್ಣ ಸ್ಟೀರಿಂಗ್ ಮೇಲೆ ಹಣೆಯಿಟ್ಟು ಬಹಳ ಹೊತ್ತು ಉಸಿರೆಳೆದ. ಆಮೇಲೆ ಕಾರು ಶುರುಮಾಡಿ, ಎಡಗಡೆಯ ಇಂಡಿಕೇಟರ್ ಹಾಕಿದ. ನಾನು ಒತ್ತುವುದನ್ನು ಬಿಟ್ಟೆ, ಆದರೆ ಆಸ್ಪತ್ರೆಯ ಗೇಟು ಬರುವವರೆಗೆ ಕಾಲನ್ನು ಬ್ರೇಕಿನ ಮೇಲಿಂದ ತೆಗೆಯಲಿಲ್ಲ.

ಸೂಜಿ ಚುಚ್ಚಿದರು, ಮೆಷಿನ್ ತಿರುಗಿತು. ನಡುವೆ ಸೆಳೆತ ಬಂದು ಅವನು ಹಲ್ಲು ಕಚ್ಚಿ ನರಳಿದ. ನಾನು ಅವನ ಮೀನಖಂಡ ಒತ್ತುತ್ತ ಕೂತೆ. ಗೆದ್ದೆ ಅಂದುಕೊಳ್ಳಲು ಹೋದರೆ ಆ ನರಳಾಟ ಕಿವಿಗೆ ಬೀಳುತ್ತಿತ್ತು. ಸೆಳೆತ ಇಳಿದಮೇಲೆ ಅವನು ಕಣ್ಣು ಬಿಟ್ಟ.

“ಶುಕ್ರವಾರವೂ ಬ್ರೇಕ್ ಒತ್ತುತ್ತೀಯಾ?”

“ಒತ್ತುತ್ತೀನಿ.”

“ಅದರ ಮುಂದಿನ ಸಲ?”

“ಒತ್ತುತ್ತೀನಿ.”

“ಆಯ್ತು. ಬರ್ತೀನಿ.” ಐಸಿನ ಚೂರಿಗಾಗಿ ಕೈ ಚಾಚಿದ. ಅದನ್ನು ಬಾಯಿಗೆ ಹಾಕಿಕೊಂಡು, ಕರಗುವವರೆಗೂ ಚೀಪಿದ. “ಒಂದಿನ ನಿಂಗೂ ನನ್ನ ನೋಡಿ ನೋಡಿ ಸಾಕಾಗತ್ತೆ ಕಣೇ. ಆವತ್ತು ಹೇಳು. ಇಬ್ರೂ ಒಟ್ಟಿಗೆ ಕೊಂಡಿ ಎತ್ತೋಣ.”

“ಬಾಯಿ ಮುಚ್ಕೊಂಡು ಮಲಗು,” ಎಂದೆ.

ಅವನು ಮಲಗಿದ. ನಾನು ಅವನ ಕಾಲನ್ನು ಬಿಡದೆ ಹಿಡಿದುಕೊಂಡಿದ್ದೆ. ಆ ದಿನ ನನಗೆ ಬರುವುದೇ ಇಲ್ಲ ಎಂದು ಗಟ್ಟಿಯಾಗಿ ಹೇಳಬೇಕೆಂದು ಬಾಯಿ ತೆರೆದೆ, ಮಾತು ಹೊರಡಲಿಲ್ಲ.